ಏಪ್ರಿಲ್ ಹತ್ತರ ನಂತರ ನೀರು ಹಾಕುವವರು ಯಾರು?

(ತುಮಕೂರು ಜಿಲ್ಲೆಯ, ಆಂಧ್ರ ಗಡಿಯ ಪಾವಗಡ ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರ ಸಮಾಲೋಚನಾ ಸಭೆಯೊಂದರಲ್ಲಿ ಆಡಿದ ಮಾತುಗಳಿವು. ಚೀಟಿ ಇಟ್ಟುಕೊಂಡು ಮಾತಾಡಿದ್ದಲ್ಲ. ಮನೆಗೆ ಬಂದು ನೆನಪಿದ್ದಷ್ಟು ಬರೆದಿದ್ದೇನೆ. ಮಧ್ಯೆ ಕೇಳಿದ ಒಂದು ಪ್ರಶ್ನೆಯನ್ನೂ ಬಿಟ್ಟಿಲ್ಲ.)

ಎಲ್ಲರಿಗೂ ನಮಸ್ಕಾರ.

'ಪರಿಸರಸ್ನೇಹಿ ಶಾಲೆ' ಅನ್ನುವ ವಿಷಯದ ಮೇಲೆ ಮಾತಾಡಿ ಅಂತ ಸಿಆರ್‌ಪಿಯವರು, ಅಂದರೆ ನಮ್ಮ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಫೋನ್ ಮಾಡಿದಾಗ ಒಪ್ಪಿಕೊಂಡೆ. ನಿವೃತ್ತಿಯಾದ ಮೇಲೆ ಯಾರು ಕರೆದರೂ ಒಪ್ಪಿಕೊಳ್ಳುವ ಚಾಳಿ ಬಂದುಬಿಟ್ಟಿದೆ. ಇಲ್ಲಿ ಬಂದು ಕೂತು ಹಿಂದೆ ತಿರುಗಿ ನೋಡಿದರೆ ಅದೇ ಶೀರ್ಷಿಕೆ ಆರಡಿ ಉದ್ದದ ಫ್ಲೆಕ್ಸ್ ಮೇಲಿದೆ. ಭೂಮಿಯನ್ನು ಹಿಡಿದುಕೊಂಡ ಎರಡು ಕೈ, ಅದರ ಮೇಲೊಂದು ಎಲೆ. ನಗಬೇಡಿ, ನಾನೂ ಮಾಡಿಸಿದ್ದೇನೆ. 2016ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಪ್ಲಾಸ್ಟಿಕ್ ನಿಷೇಧದ ಆದೇಶ ಹೊರಡಿಸಿತಲ್ಲ, ಅದರಲ್ಲಿ ಕೈಚೀಲ, ತಟ್ಟೆ, ಲೋಟಗಳ ಜೊತೆಗೆ ಫ್ಲೆಕ್ಸ್ ಕೂಡ ಇತ್ತು. ಅದೇ ಜೂನ್‌ನಲ್ಲಿ ಪರಿಸರ ದಿನಕ್ಕೆ ನಾನು ಒಂದು ಫ್ಲೆಕ್ಸ್ ಬರೆಸಿ ಗೇಟಿಗೆ ಕಟ್ಟಿಸಿದೆ. ಅದರ ಮೇಲೆ ದೊಡ್ಡದಾಗಿ 'ಪ್ಲಾಸ್ಟಿಕ್ ತ್ಯಜಿಸಿ' ಅಂತ ಇತ್ತು. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಅದನ್ನು ಬೆರಳಲ್ಲಿ ಉಜ್ಜಿ ನೋಡಿ, "ಮಿಸ್, ಇದು ಯಾತರದ್ದು?" ಅಂದಳು. ಬಟ್ಟೆ ಅಂದೆ. ಮಕ್ಕಳಿಗೆ ಹೇಳಿದ ಸುಳ್ಳುಗಳಲ್ಲಿ ಅದೊಂದು ಈಗಲೂ ಚುಚ್ಚುತ್ತೆ. ಆ ಫ್ಲೆಕ್ಸು ಆಮೇಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರೊಬ್ಬರ ಕಣದಲ್ಲಿ ಕಡಲೆಕಾಯಿ ರಾಶಿ ಮುಚ್ಚುವ ಕೆಲಸಕ್ಕೆ ಹೋಯಿತು. ಅದರ ಆಯುಷ್ಯದಲ್ಲಿ ಉಪಯೋಗಕ್ಕೆ ಬಂದದ್ದು ಅಷ್ಟೇ.

ಮಾರನೇ ವರ್ಷದಿಂದ ಗೇಟಿನ ಪಕ್ಕದ ಗೋಡೆಗೆ ಕರಿಬಣ್ಣ ಬಳಿಸಿ ಹಲಗೆ ಮಾಡಿಸಿದೆವು. ಅಕ್ಷರ ಚೆನ್ನಾಗಿರುವ ಮಕ್ಕಳು ಪಾಳಿಯ ಮೇಲೆ ಬರೆಯುತ್ತಾರೆ, ಕಾರ್ಯಕ್ರಮ ಮುಗಿದ ಮೇಲೆ ಒರೆಸುತ್ತಾರೆ. ಸ್ವಾತಂತ್ರ್ಯ ದಿನ, ಶಾರದಾ ಪೂಜೆ, ಬೀಳ್ಕೊಡುಗೆ ಎಲ್ಲಕ್ಕೂ ಅದೇ ಗೋಡೆ. ನನ್ನ ಬೀಳ್ಕೊಡುಗೆಗೂ ಅದರ ಮೇಲೇ ಬರೆದರು, ನನ್ನ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿತ್ತು. ಅಲ್ಲೇ ಅಳಿಸಿ ಸರಿ ಮಾಡಿದರು. ಫ್ಲೆಕ್ಸ್ ಆಗಿದ್ದರೆ ಅದಾಗುತ್ತಿತ್ತೇ?

ಈಗ ಸಸಿಗಳ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಾವೆಲ್ಲ ಶುರು ಮಾಡುವುದು ಅಲ್ಲಿಂದಲೇ. 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಸಮ್ಮೇಳನ ನಡೆಯಿತು, ಮರುವರ್ಷದಿಂದ ಜೂನ್ 5 ವಿಶ್ವ ಪರಿಸರ ದಿನವಾಯಿತು. ಆ ತಾರೀಕು ಇಟ್ಟವರಿಗೆ ಪಾವಗಡದ ಮಳೆ ಗೊತ್ತಿರಲಿಲ್ಲ ಅನ್ನುವುದು ಅವರ ತಪ್ಪಲ್ಲ. ನಮ್ಮಲ್ಲಿ ಒಂದು ವರ್ಷಕ್ಕೆ ಬೀಳುವುದು 500 ಮಿಲಿಮೀಟರ್ ಆಸುಪಾಸು, ಅದರಲ್ಲಿ ಹೆಚ್ಚಿನದು ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜೂನ್ 5ಕ್ಕೆ ನೆಲ ಇನ್ನೂ ಬಿಸಿಯಾಗಿಯೇ ಇರುತ್ತದೆ. ಆದರೂ ನಾವು ಸಾಮಾಜಿಕ ಅರಣ್ಯ ನರ್ಸರಿಯಿಂದ ಇಪ್ಪತ್ತೈದು ಸಸಿ ತಂದು, ಗುಂಡಿ ತೋಡಿಸಿ, ಪಂಚಾಯಿತಿ ಅಧ್ಯಕ್ಷರನ್ನು ಕರೆಸಿ, ನೆಟ್ಟು, ಫೋಟೊ ತೆಗೆಸಿ, ವಾಟ್ಸಾಪ್ ಗ್ರೂಪಿಗೆ ಹಾಕಿದೆವು. ಮುಂದಿನ ಮೇ ಕೊನೆಗೆ ಶಾಲೆ ತೆರೆದಾಗ ಉಳಿದದ್ದು ಮೂರು. ಒಂದು ನಲ್ಲಿಯ ಪಕ್ಕದ್ದು, ಇನ್ನೊಂದು ಅಡುಗೆ ಕೋಣೆಯ ಹಿಂದಿನದು, ಮತ್ತೊಂದು ಯಾಕೆ ಬದುಕಿತೋ ದೇವರಿಗೇ ಗೊತ್ತು. ಜೂನ್ 5 ಬಂತು, ಅದೇ ಗುಂಡಿಗಳಿಗೆ ಹೊಸ ಸಸಿ ಇಟ್ಟೆವು. ಗುಂಡಿ ಹಳೆಯದು, ಸಸಿ ಹೊಸದು, ಫೋಟೊ ಹೊಸದು. ಹೀಗೆ ನಾಲ್ಕು ವರ್ಷ ಮಾಡಿದ್ದೇವೆ ಅಂದರೆ ನಂಬುತ್ತೀರಿ ಅಂದುಕೊಂಡಿದ್ದೇನೆ, ನಿಮ್ಮಲ್ಲಿ ಅರ್ಧ ಜನ ಆಗಲೇ ತಲೆ ಆಡಿಸುತ್ತಿದ್ದೀರಿ.

ಸಸಿಗಳನ್ನು ಕೊಂದದ್ದು ನಿರ್ಲಕ್ಷ್ಯ ಅಂತ ಬಹಳ ಕಾಲ ತಿಳಿದಿದ್ದೆ. ಆಮೇಲೆ ಕ್ಯಾಲೆಂಡರ್ ನೋಡಿದೆ. ಏಪ್ರಿಲ್ 10ಕ್ಕೆ ಶಾಲೆಗೆ ಬೀಗ. ಮೇ ಕೊನೆಗೆ ಬಾಗಿಲು ತೆಗೆಯುವುದು. ಹತ್ತಿರ ಹತ್ತಿರ ಐವತ್ತು ದಿನ, ಅದೂ ವರ್ಷದಲ್ಲೇ ಅತಿ ಸುಡುವ ಐವತ್ತು ದಿನ, ಆವರಣದಲ್ಲಿ ಮೇಕೆಗಳ ಹೊರತು ಯಾರೂ ಇರುವುದಿಲ್ಲ. ಹತ್ತು ತಿಂಗಳು ಮಕ್ಕಳು ಬಾಟಲಿಯಲ್ಲಿ ಉಳಿದ ನೀರು ಸುರಿದು ಬೆಳೆಸಿದ್ದನ್ನು ಒಂದು ರಜೆ ತಿಂದುಹಾಕುತ್ತದೆ. ಅಲ್ಲಿಂದಾಚೆಗೆ ಶಾಲೆಗೆ ಯಾರು ಯಾವ ಹೊಸ ಯೋಜನೆ ತಂದರೂ ನಾನು ಒಂದೇ ಪ್ರಶ್ನೆ ಕೇಳುತ್ತಿದ್ದೆ: ಏಪ್ರಿಲ್ ಹತ್ತರ ನಂತರ ಇದನ್ನು ನೋಡಿಕೊಳ್ಳುವವರು ಯಾರು? ಬಣ್ಣಬಣ್ಣದ ಕಸದ ಡಬ್ಬಿ ಕೊಡಲು ಬಂದಿದ್ದ ಸಂಸ್ಥೆಯವರಿಗೂ ಇದನ್ನೇ ಕೇಳಿದೆ. ಅವರಿಗೆ ಬೇಜಾರಾಯಿತು.

ನಾವು ಮಾಡಿದ ಬದಲಾವಣೆ ದೊಡ್ಡದೇನಲ್ಲ. ಇಪ್ಪತ್ತೈದು ಬಿಟ್ಟು ಐದೇ ಸಸಿ ನೆಟ್ಟೆವು. ಜೂನ್ 5ರಂದು ಗುಂಡಿ ತೆಗೆಯುವುದು, ಅದರಲ್ಲಿ ತರಗೆಲೆ, ಗೊಬ್ಬರ ತುಂಬುವುದು, ಅಷ್ಟೇ ಆ ದಿನದ ಆಚರಣೆ. ನೆಡುವುದು ಒಂದೆರಡು ಹದ ಮಳೆ ಬಿದ್ದ ಮೇಲೆ. ಹೊಂಗೆ, ಬೇವು, ನೇರಳೆ ಇಂಥವು. ಸಸಿಯ ಬುಡದಿಂದ ಒಂದಡಿ ದೂರಕ್ಕೆ ಕುಂಬಾರರ ಹತ್ತಿರ ತಂದ ಒಂದು ಮಣ್ಣಿನ ಮಡಕೆಯನ್ನು ಕುತ್ತಿಗೆ ತನಕ ಹೂಳಿ, ನೀರು ತುಂಬಿ, ಬಾಯಿಗೆ ಹೆಂಚಿನ ಚೂರು ಮುಚ್ಚುವುದು. ಬಣ್ಣ ಬಳಿದ ಮಡಕೆ ಆಗಬಾರದು, ನೀರು ಜಿನುಗುವುದಿಲ್ಲ. ಮಡಕೆ ತಾನೇ ಬೆವರುತ್ತಾ ಬೇರಿಗೆ ನೀರು ಕೊಡುತ್ತದೆ. ಹಾಗಾಗಿ ರಜೆಯಲ್ಲಿ ದಿನಾ ಬರಬೇಕಿಲ್ಲ, ನಾಲ್ಕೈದು ದಿನಕ್ಕೊಮ್ಮೆ ತುಂಬಿದರೆ ಆಯಿತು. ಸುತ್ತ ಬಳ್ಳಾರಿ ಜಾಲಿಯ ಮುಳ್ಳು. ಆ ಗಿಡಕ್ಕೆ ನಾವು ಬಯ್ಯುವಷ್ಟು ಬಯ್ಯುತ್ತೇವೆ, ಮೇಕೆ ತಡೆಯಲು ಅದಕ್ಕಿಂತ ಒಳ್ಳೆಯದು ಇನ್ನೂ ಸಿಕ್ಕಿಲ್ಲ.

ತುಂಬುವವರು ಯಾರು? ಶಾಲೆಗೆ ಹತ್ತಿರದ ನಾಲ್ಕು ಮನೆಯವರು. ಅವರನ್ನು ಮಾರ್ಚ್‌ನಲ್ಲೇ ಮನೆಗೆ ಹೋಗಿ ಕೇಳಿಕೊಳ್ಳಬೇಕು, ಸುತ್ತೋಲೆಯಲ್ಲಿ ಅಲ್ಲ. ಬರಪೀಡಿತ ಅಂತ ಘೋಷಣೆಯಾದ ವರ್ಷಗಳಲ್ಲಿ ನಮಗೆ ಒಂದು ಅನುಕೂಲ ಇತ್ತು. ಬೇಸಿಗೆ ರಜೆಯಲ್ಲೂ ಬಿಸಿಯೂಟ ನಡೆಯುತ್ತಿತ್ತು. 2024ರಲ್ಲೂ ಹಾಗೇ ಆಯಿತಲ್ಲ. ಊಟಕ್ಕೆ ಬಂದ ಮಕ್ಕಳು ಕೈತೊಳೆದ ನೀರನ್ನೇ ಮಡಕೆಗೆ ಹಾಕಿ ಹೋಗುತ್ತಿದ್ದರು. ಬರ ಬಂದ ವರ್ಷ ಗಿಡಗಳು ಚೆನ್ನಾಗಿ ಉಳಿದವು ಅಂದರೆ ಹೊರಗಿನವರು ನಂಬುವುದಿಲ್ಲ.

ಒಂದು ಎಚ್ಚರಿಕೆ ಹೇಳಬೇಕು. ಒಂದೊಂದು ಸಸಿಗೆ ಒಂದೊಂದು ಮಗುವಿನ ಹೆಸರಿಡುವ ಪದ್ಧತಿ ಇದೆ, ಕೇಳಲು ಚೆಂದ. ನಾನೂ ಇಡಿಸಿದ್ದೆ. ಮೂರನೇ ಕ್ಲಾಸಿನ ಒಬ್ಬನ ಹೆಸರಿನ ನೆಲ್ಲಿ ಗಿಡ ಒಣಗಿತು. ಉಳಿದ ಹುಡುಗರು ಅವನ ಹೆಸರು ಹೇಳಿ, "ಚಚ್ಚಿಪೋಯಾಡ್ರಾ" ಅಂತ ತೆಲುಗಿನಲ್ಲಿ ಆಡಿಕೊಂಡು ಕುಣಿದರು. ಸತ್ತೇ ಹೋದ ಅಂತ. ಆ ಮಗು ಎರಡು ದಿನ ಶಾಲೆಗೆ ಬರಲಿಲ್ಲ. ಅವತ್ತೇ ಹೆಸರಿನ ಹಲಗೆಗಳನ್ನೆಲ್ಲ ಕಿತ್ತುಹಾಕಿದೆ. ಬದಲಿಗೆ ಪ್ರತಿ ಮರಕ್ಕೂ ಅದರದ್ದೇ ಎರಡು ಹೆಸರು ಬರೆಸಿದೆವು. ನಮ್ಮ ಮಕ್ಕಳ ಮನೆಮಾತು ತೆಲುಗು, ಪುಸ್ತಕದ್ದು ಕನ್ನಡ. ಹೊಂಗೆ ಅಂದರೆ ಪಿಳಿಪಿಳಿ ನೋಡುತ್ತವೆ, ಕಾನುಗ ಅಂದರೆ ಎಣ್ಣೆಯಿಂದ ಹಿಡಿದು ಹಲ್ಲುಕಡ್ಡಿಯ ತನಕ ಅವರೇ ಪಾಠ ಮಾಡುತ್ತವೆ. ಬೇವು ವೇಪ, ಹುಣಸೆ ಚಿಂತ. 'ಪರಿಸರ ಅಧ್ಯಯನ' ಪುಸ್ತಕದ ಅರ್ಧ ಪಾಠ ಆ ಹಲಗೆಗಳಲ್ಲೇ ಮುಗಿಯಿತು.

ಸಸಿಯ ಮಾತು ಇಲ್ಲಿಗೆ ಸಾಕು. ನಿಜ ಹೇಳಬೇಕೆಂದರೆ ಶಾಲೆಯ ಪರಿಸರ ಇರುವುದು ಗಿಡಗಳಲ್ಲಿ ಅಲ್ಲ, ಊಟದ ತಟ್ಟೆಯಲ್ಲಿ. ಇದು ನನಗೆ ಗೊತ್ತಾದದ್ದು ಒಂದು ವಾರ ಕಸ ಎಣಿಸಿದ ಮೇಲೆ.

ಐದನೇ ಕ್ಲಾಸಿಗೆ ಗಣಿತದಲ್ಲಿ ಸ್ತಂಭಾಲೇಖ ಬಂತು. ಪುಸ್ತಕದಲ್ಲಿ ಯಾವುದೋ ಊರಿನ ಸೈಕಲ್ಲುಗಳ ಲೆಕ್ಕ. ಬೇಡ, ನಮ್ಮ ಕಸವನ್ನೇ ಎಣಿಸೋಣ ಅಂದೆ. ಆರು ದಿನದ ಕಸವನ್ನು ದಿನಾ ಸಂಜೆ ಗೋಣಿಚೀಲದ ಮೇಲೆ ಸುರಿದು ಕಡ್ಡಿಯಲ್ಲಿ ವಿಂಗಡಿಸಿದರು. ಪೆನ್ಸಿಲ್ ಹೆರೆದ ಸಿಪ್ಪೆ, ಮುಗಿದ ರೀಫಿಲ್, ಹುಟ್ಟುಹಬ್ಬದ ಚಾಕಲೇಟ್ ಕಾಗದ, ಐದು ರೂಪಾಯಿಯ ಕುರುಕಲು ಪೊಟ್ಟಣ, ಹಾಲಿನ ಪುಡಿಯ ಖಾಲಿ ಕವರು. ಮಕ್ಕಳು ಒಂದೊಂದಕ್ಕೂ ಒಂದು ಕಂಬ ಬರೆದರು. ಒಂದು ಕಂಬ ಮಾತ್ರ ಎತ್ತರವಾಗುತ್ತಾ ಹೋಯಿತು. ಪೇಪರ್ ಕಪ್. ಅವು ಮಕ್ಕಳದ್ದಲ್ಲ. ನಾವು ಆರು ಜನ ಮೇಷ್ಟ್ರು, ಮಿಸ್ಸುಗಳು ದಿನಕ್ಕೆರಡು ಸಲ ಹೋಟೆಲಿನಿಂದ ತರಿಸಿ ಕುಡಿದ ಚಹಾದ್ದು. ಬಂದ ಅತಿಥಿಗಳಿಗೆ ಬೇರೆ. ಪೇಪರ್ ಕಪ್ಪಿನ ಒಳಗೆ ತೆಳ್ಳನೆಯ ಪ್ಲಾಸ್ಟಿಕ್ ಪದರ ಇರುತ್ತದೆ, ಇಲ್ಲದಿದ್ದರೆ ಚಹಾ ನಿಲ್ಲುವುದಿಲ್ಲ. ಆ ನಕ್ಷೆಯನ್ನು ಮಕ್ಕಳು ಸ್ಟಾಫ್ ರೂಮಿನ ಬಾಗಿಲಿಗೇ ಅಂಟಿಸಿದರು. ಬೇಕಂತಲೇ ಮಾಡಿದರೋ, ಜಾಗ ಇತ್ತು ಅಂತ ಮಾಡಿದರೋ ನಾನು ಕೇಳಲು ಹೋಗಲಿಲ್ಲ. ಸೋಮವಾರ ಎಲ್ಲರೂ ಮನೆಯಿಂದ ಒಂದೊಂದು ಸ್ಟೀಲ್ ಲೋಟ ತಂದಿದ್ದರು.

ತೂಕದಲ್ಲಿ ಮೊದಲ ಸ್ಥಾನ ಮಾತ್ರ ಅನ್ನಕ್ಕೆ. ಬಿಸಿಯೂಟದ ಅಕ್ಷರ ದಾಸೋಹ ಯೋಜನೆ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ನಮ್ಮ ಕಡೆಗೂ ಬಂತು. ಒಂದರಿಂದ ಐದನೇ ಕ್ಲಾಸಿನ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, ಆರರಿಂದ ಎಂಟಕ್ಕೆ 150 ಗ್ರಾಂ. ನಮ್ಮಲ್ಲಿ ಚಿಕ್ಕವರು ಅರವತ್ತು, ದೊಡ್ಡವರು ಐವತ್ತು ಅಂದರೆ ಹದಿಮೂರೂವರೆ ಕೆಜಿ ಅಕ್ಕಿ. ಒಂದನೇ ಕ್ಲಾಸಿನ ಮಗುವಿಗೂ ಐದನೇ ಕ್ಲಾಸಿನ ಮಗುವಿಗೂ ಲೆಕ್ಕ ಒಂದೇ, ಹೊಟ್ಟೆ ಒಂದೇ ಅಲ್ಲ. ನಾವು ಸಾಲಾಗಿ ಕೂರಿಸಿ ಎಲ್ಲರ ತಟ್ಟೆಗೂ ಒಂದೇ ಸೌಟು ಬಡಿಸುತ್ತಿದ್ದೆವು. ಚಿಕ್ಕವು ಅರ್ಧ ತಿಂದು ಬಿಡುತ್ತಿದ್ದವು. "ಅನ್ನ ಚೆಲ್ಲಬಾರದು, ಪಾಪ ಬರುತ್ತೆ" ಅಂತ ನಾವು ಭಾಷಣ ಮಾಡುತ್ತಿದ್ದೆವು.

ದಾರಿ ತೋರಿಸಿದ್ದು ನಮ್ಮ ಮುಖ್ಯ ಅಡುಗೆಯವರು. ಅವರನ್ನು ಎಲ್ಲರೂ ದೊಡ್ಡಕ್ಕ ಅಂತಲೇ ಕರೆಯುತ್ತಿದ್ದೆವು. ಒಂದು ದಿನ ಸಿಟ್ಟಿನಲ್ಲೇ ಅಂದರು, "ಮೇಡಂ, ಇವತ್ತು ಎಷ್ಟು ಮಕ್ಕಳು ಅಂತ ನನಗೆ ಹೇಳೋರು ಯಾರು? ನಿನ್ನೆ ನೂರು ಇತ್ತು, ಅದೇ ಅಂದಾಜಿಗೆ ಹಾಕ್ತೀನಿ. ಪಕ್ಕದೂರಲ್ಲಿ ಪರಿಷೆ ಅಂತ ಗೊತ್ತಿದ್ರೂ ನೀವು ಹೇಳಲ್ಲ." ಹಾಜರಿ ತೆಗೆದುಕೊಳ್ಳುತ್ತಿದ್ದೆವು, ಆನ್‌ಲೈನಿಗೂ ಹಾಕುತ್ತಿದ್ದೆವು, ಇಪ್ಪತ್ತು ಹೆಜ್ಜೆ ಆಚೆ ಇರುವ ಅಡುಗೆ ಕೋಣೆಗೆ ಮಾತ್ರ ಹೊತ್ತಿಗೆ ಸರಿಯಾಗಿ ಹೋಗುತ್ತಿರಲಿಲ್ಲ. ಮಾರನೇ ದಿನದಿಂದ ಪ್ರಾರ್ಥನೆ ಮುಗಿದ ಹತ್ತು ನಿಮಿಷಕ್ಕೆ ಏಳನೇ ಕ್ಲಾಸಿನ ಒಬ್ಬರು ಕ್ಲಾಸಿಂದ ಕ್ಲಾಸಿಗೆ ಹೋಗಿ ಚೀಟಿಯಲ್ಲಿ ಸಂಖ್ಯೆ ಬರೆದುಕೊಂಡು, ಅಕ್ಕಿ ತೊಳೆಯುವ ಮೊದಲೇ ದೊಡ್ಡಕ್ಕನ ಕೈಗೆ ಕೊಡುವುದು. ಚಿಕ್ಕವರಿಗೆ ಮೊದಲು ಅರ್ಧ ಸೌಟು, ಬೇಕಾದರೆ ಎರಡನೇ ಸಲ, ಮೂರನೇ ಸಲ. ಬೇಡ ಅನ್ನಲು ಮಕ್ಕಳಿಗೆ ಸಂಕೋಚ ಇರಬಾರದು, ಇನ್ನೂ ಬೇಕು ಅನ್ನಲು ಅದಕ್ಕಿಂತ ಇರಬಾರದು. ಗೊಬ್ಬರದ ಗುಂಡಿ, ಎರೆಹುಳು ತೊಟ್ಟಿ ಇವೆಲ್ಲ ಆಮೇಲಿನ ಮಾತು. ನಮ್ಮ ಶಾಲೆಯಲ್ಲಿ ಅತ್ಯಂತ ಹೆಚ್ಚು ಕಸ ಉಳಿಸಿದ್ದು ಆ ಚೀಟಿ. ಖರ್ಚು, ಒಂದು ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಗಳು.

ಗೊಬ್ಬರದ ಗುಂಡಿಯಲ್ಲಿ ನಾನು ಚೆನ್ನಾಗಿ ಮುಖಭಂಗ ಅನುಭವಿಸಿದ್ದೇನೆ. ಮೂರಡಿ ಗುಂಡಿ ತೋಡಿ ಉಳಿದ ಅನ್ನ, ಸಾಂಬಾರು, ತರಕಾರಿ ಸಿಪ್ಪೆ ಸುರಿಯುತ್ತಾ ಹೋದೆವು. ಹತ್ತೇ ದಿನಕ್ಕೆ ನಾತ, ನೊಣ, ರಾತ್ರಿ ನಾಯಿಗಳ ಜಗಳ. ಚಿಕ್ಕ ಮಕ್ಕಳು ಆಡುತ್ತಾ ಕಲಿಯುವ ನಲಿ-ಕಲಿ ಕೋಣೆಯ ಕಿಟಕಿ ಆ ಕಡೆಗೇ ಇತ್ತು. ಎರಡನೇ ಕ್ಲಾಸಿನವು ಮೂಗು ಮುಚ್ಚಿಕೊಂಡು ಕಾರ್ಡು ಓದುತ್ತಿದ್ದವು. ಊರಿನವರು ಬಂದು ಮುಚ್ಚಿಸಿ ಅಂದರು, ಮುಚ್ಚಿಸಿದೆ. ತಪ್ಪೇನೆಂದು ಒಬ್ಬ ರೈತರೇ ಹೇಳಿಕೊಟ್ಟರು: ಹಸಿಯದ್ದಷ್ಟೇ ಹಾಕಿದರೆ ಕೊಳೆಯುತ್ತದೆ, ಗೊಬ್ಬರವಾಗಲು ಒಣಗಿದ್ದೂ ಬೇಕು. ಒಂದು ಬಕೆಟ್ ಹಸಿ ಕಸಕ್ಕೆ ಎರಡು-ಮೂರು ಬಕೆಟ್ ತರಗೆಲೆ, ಮೇಲೆ ಸ್ವಲ್ಪ ಸಗಣಿ ಬಗ್ಗಡ, ಒಂದು ಹಿಡಿ ಮಣ್ಣು. ಮುಷ್ಟಿಯಲ್ಲಿ ಹಿಂಡಿದರೆ ನೀರು ಸುರಿಯಬಾರದು, ಕೈ ಒದ್ದೆಯಾಗಬೇಕು, ಅಷ್ಟು ಹದ. ಸಾಂಬಾರಿನ ನೀರು ಬಗ್ಗಿಸಿಯೇ ಹಾಕಬೇಕು. ಹೊಂಗೆ ಎಲೆ ಉದುರಿಸುವ ಕಾಲದಲ್ಲಿ ಗುಡಿಸಿ ಬೆಂಕಿ ಹಚ್ಚುತ್ತಿದ್ದೆವಲ್ಲ, ಅದನ್ನು ನಿಲ್ಲಿಸಿ ಚೀಲಕ್ಕೆ ತುಂಬಿ ಇಟ್ಟುಕೊಂಡೆವು. ವರ್ಷಕ್ಕೆ ಬೇಕಾದ ಒಣ ಎಲೆ ಅಲ್ಲೇ ಸಿಕ್ಕಿತು. ಗುಂಡಿಯ ಬದಲು ನೆಲದ ಮೇಲೆ ಇಟ್ಟಿಗೆ ಜೋಡಿಸಿ, ಸಂದು ಬಿಟ್ಟು ತೊಟ್ಟಿ ಮಾಡಿದೆವು, ಗಾಳಿ ಆಡಲಿ ಅಂತ. ಮೂರು ತಿಂಗಳಿಗೆ ಕಪ್ಪು ಗೊಬ್ಬರ. ಮೊದಲ ಸಲ ಅದನ್ನು ಮೂಸಿ ನೋಡಿದ ಒಬ್ಬ ಹುಡುಗ, "ಮಿಸ್, ಮಳೆ ವಾಸನೆ" ಅಂದ.

ಮೊಟ್ಟೆ ಸಿಪ್ಪೆಯದ್ದು ಬೇರೆಯೇ ಕತೆ. ಈಗ ಶಾಲೆಗಳಲ್ಲಿ ವಾರದ ಆರು ದಿನವೂ ಮೊಟ್ಟೆ ಇದೆ. ನೂರು ಮಕ್ಕಳು ತಿಂದರೆ ವಾರಕ್ಕೆ 600 ಸಿಪ್ಪೆ, ಒಂದೊಂದು ಐದಾರು ಗ್ರಾಂ, ಒಟ್ಟು ಮೂರು ಕೆಜಿಗೆ ಕಡಿಮೆಯಿಲ್ಲ. ಹಾಗೇ ಗೊಬ್ಬರಕ್ಕೆ ಹಾಕಿದರೆ ವರ್ಷವಾದರೂ ಹಾಗೇ ಇರುತ್ತದೆ, ಮೇಲಾಗಿ ನಾಯಿ ಬರುತ್ತದೆ. ತೊಳೆದು, ಎರಡು ದಿನ ಬಿಸಿಲಿಗೆ ಒಣಗಿಸಿ, ಒರಳಿಗೆ ಹಾಕಿ ಕುಟ್ಟಿ ಪುಡಿ ಮಾಡಿದರೆ ಟೊಮೆಟೊ, ನುಗ್ಗೆ, ಪಪ್ಪಾಯಿ ಗಿಡದ ಬುಡಕ್ಕೆ ಆಗುತ್ತದೆ. ಅದು ಬಹುಪಾಲು ಸುಣ್ಣವೇ, ಕ್ಯಾಲ್ಸಿಯಂ ಕಾರ್ಬೊನೇಟ್. ಮೊಟ್ಟೆ ಬೇಡದ ಮಕ್ಕಳ ಬಾಳೆಹಣ್ಣಿನ ಸಿಪ್ಪೆ ನೇರ ಗೊಬ್ಬರದ ತೊಟ್ಟಿಗೆ. ಅಲ್ಲಿ ಎರಡೂ ಪಂಗಡದವರು ಒಂದಾಗುತ್ತಾರೆ!

ನೀರಿನ ಮಾತು. ನಮ್ಮ ತಾಲ್ಲೂಕಿನ ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ, ಮಕ್ಕಳ ಹಲ್ಲು ನೋಡಿದರೆ ಸಾಕು. 2006ರಲ್ಲಿ ಸುವರ್ಣ ಕರ್ನಾಟಕದ ನೆನಪಿಗೆ ಸುವರ್ಣ ಜಲ ಅಂತ ಯೋಜನೆ ಬಂತು. ರಾಜ್ಯದ 20,000ಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳ ಚಾವಣಿಯಿಂದ ಮಳೆನೀರು ಹಿಡಿಯುವ ಯೋಜನೆ. ನಮಗೂ ಒಂದು ತೊಟ್ಟಿ ಆಯಿತು. ಎರಡು ವರ್ಷ ನೀರು ಹಿಡಿದೆವು. ಮೂರನೇ ವರ್ಷ ಪೈಪಿನ ಬಾಯಿಗೆ ಎಲೆ ಕಟ್ಟಿಕೊಂಡಿತು, ಮಂಗಗಳು ಒಂದು ಜೋಡಣೆ ಕಿತ್ತವು, ಇನ್ನೂರು ರೂಪಾಯಿಯ ಕೆಲಸ. ಯಾರ ಕೆಲಸ ಅಂತ ಗೊತ್ತಾಗದೆ ಆರು ವರ್ಷ ಹಾಗೇ ಬಿಟ್ಟೆವು. ತೊಟ್ಟಿಯಲ್ಲಿ ಹಳೇ ಬೆಂಚು ತುಂಬಿಸಿಟ್ಟಿದ್ದೆವು. ಈ ತಪ್ಪು ಯೋಜನೆಯದ್ದಲ್ಲ, ನನ್ನದು. ಕೊನೆಗೆ ಅದನ್ನು ಸರಿ ಮಾಡಿಸಿದ್ದು ಲೆಕ್ಕ.

ಏಳನೇ ಕ್ಲಾಸಿನಲ್ಲಿ ಹಲಗೆ ಮೇಲೆ ಮಾಡಿದ ಲೆಕ್ಕ ಇದು. ಒಂದು ಚದರ ಮೀಟರ್ ಚಾವಣಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಚಾವಣಿ ಸುಮಾರು 100 ಚದರ ಮೀಟರ್. 500 ಮಿಲಿಮೀಟರ್ ಮಳೆಗೆ 50,000 ಲೀಟರ್, ಆವಿಯಾಗುವುದು, ಚೆಲ್ಲುವುದು ಕಳೆದು 40,000 ಅನ್ನಿ. "ಮಿಸ್, ಟ್ಯಾಂಕರ್ ಒಂದಕ್ಕೆ ಎಷ್ಟು?" ಅಂದ ಒಬ್ಬ. ಅವರಪ್ಪನದ್ದೇ ಟ್ರ್ಯಾಕ್ಟರ್ ಟ್ಯಾಂಕರ್ ಇತ್ತು, ನಾಲ್ಕು ಸಾವಿರ ಲೀಟರಿನದ್ದು. ಹತ್ತು ಟ್ಯಾಂಕರ್ ನೀರು ಪ್ರತಿವರ್ಷ ನಮ್ಮ ತಲೆ ಮೇಲೆ ಬಿದ್ದು ಮೋರಿಗೆ ಹೋಗುತ್ತಿದೆ ಅಂತ ಅವನೇ ಎದ್ದು ನಿಂತು ಹೇಳಿದ. ಆ ವಾರವೇ ಅವರಪ್ಪ ಬಂದು ಪೈಪ್ ಹಾಕಿಕೊಟ್ಟರು. ಅವರ ವ್ಯಾಪಾರಕ್ಕೆ ನಷ್ಟ, ಪಾಪ.

ಮೊದಲ ಒಂದೆರಡು ಮಳೆಯ ನೀರನ್ನು ಬಿಟ್ಟುಬಿಡಬೇಕು, ಚಾವಣಿಯ ಧೂಳು, ಹಕ್ಕಿ ಹಿಕ್ಕೆ ತೊಳೆದು ಹೋಗಲಿ. ಆಮೇಲಿನದ್ದು ಜಲ್ಲಿ, ಇದ್ದಿಲು, ಮರಳಿನ ಪದರ ದಾಟಿ ತೊಟ್ಟಿಗೆ. ಆ ನೀರನ್ನು ನಾವು ಅಡುಗೆಗೆ ಇಟ್ಟುಕೊಂಡೆವು. ಒಂದು ತಿಂಗಳು ಕಳೆದ ಮೇಲೆ ದೊಡ್ಡಕ್ಕ, "ಈ ನೀರಲ್ಲಿ ಬೇಳೆ ಬೇಗ ಬೇಯ್ತದೆ, ಸಿಲಿಂಡರ್ ಎರಡು ದಿನ ಜಾಸ್ತಿ ಬಂತು" ಅಂದರು. ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ, ಮಳೆನೀರಿನಲ್ಲಿ ಆ ತೊಂದರೆ ಇಲ್ಲ. ನಾನು ಫ್ಲೋರೈಡ್ ಅಂತ ಹೊರಟೆ, ಅವರು ಗ್ಯಾಸ್ ಉಳಿಸಿದರು.

ತಟ್ಟೆ ತೊಳೆಯುವ ಜಾಗದಲ್ಲಿ ಒಂದೇ ಒಂದು ಬದಲಾವಣೆ ಮಾಡಿದೆವು. ನಲ್ಲಿಗೆ ಹೋಗುವ ಮೊದಲು ಒಂದು ಬಕೆಟ್, ಉಳಿದದ್ದನ್ನು ಕೈಯಲ್ಲಿ ಬಳಿದು ಅದಕ್ಕೆ ಹಾಕಿ ಮುಂದೆ ಹೋಗಬೇಕು. ಜಿಡ್ಡು, ಅಗುಳು ಇಲ್ಲದ ನೀರು ಮೋರಿ ಕಟ್ಟಿಸುವುದಿಲ್ಲ, ನೇರವಾಗಿ ಬಾಳೆ, ನುಗ್ಗೆ, ಕರಿಬೇವಿನ ಪಾತಿಗೆ ಹರಿಯುತ್ತದೆ. ಆ ಕರಿಬೇವು ಸಾಂಬಾರಿಗೇ ವಾಪಸು ಬರುತ್ತದೆ.

ಆ ಬಕೆಟ್ಟಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು, ಇದನ್ನು ಹೇಳಲೆಂದೇ ನಾನು ಇವತ್ತು ಬಂದೆ ಅಂದರೂ ಸರಿ. ಒಂದು ಮಧ್ಯಾಹ್ನ ಒಬ್ಬ ತಾಯಿ ಕೂಲಿ ಬಿಟ್ಟು ಶಾಲೆಗೆ ಬಂದರು. "ಮೇಡಂ, ಮುಸುರೆ ಬಕೆಟ್ಟು ಎತ್ತಕ್ಕೆ ನನ್ನ ಮಗನೇ ಯಾಕೆ ಬೇಕು?" ಎಲ್ಲರೂ ಸರದಿ ಮೇಲೆ ಎತ್ತುತ್ತಾರಮ್ಮ ಅಂದೆ. ಅವರು ಸುಮ್ಮನೆ ಹೋದರು. ನನಗೆ ಸಮಾಧಾನವಾಗದೆ ಮಕ್ಕಳ ಪರಿಸರ ಸಂಘದ ಪುಸ್ತಕ ತೆಗೆದು ನೋಡಿದೆ. ಸರದಿ ಇತ್ತು, ಆದರೆ ಬಕೆಟ್ಟಿನ ಮುಂದೆ ಕೆಲವೇ ಹೆಸರು ಮತ್ತೆ ಮತ್ತೆ. ಅವು ಯಾವ ಕೇರಿಯ ಮಕ್ಕಳ ಹೆಸರು ಅಂತ ಇಲ್ಲಿ ಕೂತ ಯಾರಿಗೂ ವಿವರಿಸಬೇಕಿಲ್ಲ. ಕಸ ಗುಡಿಸುವ ಕಡೆ ಹೆಣ್ಣುಮಕ್ಕಳದ್ದೇ ಹೆಸರು, ಗಿಡಕ್ಕೆ ನೀರು ಹಾಕುವ ಕಡೆ ಗಂಡುಮಕ್ಕಳದ್ದು, ಅತಿಥಿ ಬಂದಾಗ ಸಸಿ ಕೊಡುವ ಕಡೆ ಊರ ಪ್ರಮುಖರ ಮಕ್ಕಳದ್ದು. ಯಾರೂ ಹಾಗೆ ಮಾಡಿ ಅಂತ ಹೇಳಿರಲಿಲ್ಲ. ನಾನು ನೋಡಿರಲಿಲ್ಲ, ಅಷ್ಟೇ. ಪರಿಸರದ ಹೆಸರಿನಲ್ಲಿ ಊರಿನ ಹಳೇ ಕೊಳೆಯನ್ನೇ ಶಾಲೆಯೊಳಗೆ ತಂದಿಟ್ಟುಕೊಂಡಿದ್ದೆ. ಅವತ್ತು ಸಂಜೆ ಆ ತಾಯಿಯ ಮನೆಗೆ ಹೋಗಿ, ನೀವು ಹೇಳಿದ್ದು ಸರಿ ಅಂದೆ.

ಮರುದಿನದಿಂದ ಚೀಟಿ ಎತ್ತುವುದು. ಡಬ್ಬಿಯಲ್ಲಿ ಎಲ್ಲರ ಹೆಸರು, ನನ್ನದೂ, ಉಳಿದ ಶಿಕ್ಷಕರದ್ದೂ. ಮೊದಲ ವಾರವೇ ನನ್ನ ಹೆಸರು ಬಂತು, ಮಕ್ಕಳು ಚಪ್ಪಾಳೆ ತಟ್ಟಿದರು. ಬಕೆಟ್ ಎತ್ತಿ ನಡೆದಾಗ ಗೊತ್ತಾಯಿತು, ಅದು ಹತ್ತು ವರ್ಷದ ಮಗು ಎತ್ತುವ ಭಾರವೇ ಅಲ್ಲ. ಎರಡು ಚಿಕ್ಕ ಬಕೆಟ್ ತರಿಸಿದೆ. ಶೌಚಾಲಯದ ಕೆಲಸಕ್ಕಂತೂ ಮಕ್ಕಳನ್ನು ಹತ್ತಿರ ಸೇರಿಸುವಂತಿಲ್ಲ, ಅದಕ್ಕೆ ಆದೇಶವೂ ಇದೆ, ಆದೇಶ ಇಲ್ಲದಿದ್ದರೂ ಹಾಗೇ.

ಇಲ್ಲಿ ಒಬ್ಬ ಯುವ ಮೇಷ್ಟ್ರು ಎದ್ದು, "ಮೇಡಂ, ಪ್ಲಾಸ್ಟಿಕ್ ಏನು ಮಾಡೋದು? ನಾವು ಹಿಂದುಗಡೆ ಹಾಕಿ ಸುಡ್ತೀವಿ" ಅಂದರು. ನೇರವಾಗಿ ಒಪ್ಪಿಕೊಂಡದ್ದಕ್ಕೆ ಅವರಿಗೆ ಧನ್ಯವಾದ ಹೇಳಿದೆ. ಸುಡುವುದನ್ನು ಇವತ್ತೇ ನಿಲ್ಲಿಸಿ. ಬಯಲಿನ ಕಡಿಮೆ ಬಿಸಿಯಲ್ಲಿ ಪ್ಲಾಸ್ಟಿಕ್ ಅರೆಬರೆ ಸುಟ್ಟು ಡಯಾಕ್ಸಿನ್‌ನಂಥ ವಿಷ ಬರುತ್ತದೆ, ಆ ಹೊಗೆಯನ್ನು ಮೊದಲು ಕುಡಿಯುವುದು ಕಿಟಕಿ ಪಕ್ಕದ ಮಗು. ಈಗ ಎಷ್ಟೋ ಗ್ರಾಮ ಪಂಚಾಯಿತಿಗಳಲ್ಲಿ ಕಸ ಒಯ್ಯುವ ಸ್ವಚ್ಛ ವಾಹಿನಿ ಗಾಡಿಗಳಿವೆ, ಕೆಲವು ಕಡೆ ಹೆಣ್ಣುಮಕ್ಕಳೇ ಓಡಿಸುತ್ತಾರೆ. ಶಾಲೆಯ ಮುಂದೆ ಗಾಡಿ ಯಾವ ದಿನ ನಿಲ್ಲುತ್ತದೆ ಅಂತ ಕೇಳಿ, ಒಣ ಕಸವನ್ನು ತೊಳೆದು ಚೀಲದಲ್ಲಿಟ್ಟು ಕೊಡಿ. ಹಾಲಿನ ಪುಡಿಯ ಕವರನ್ನು ತೊಳೆಯದೆ ಇಟ್ಟರೆ ಮೂರು ದಿನಕ್ಕೆ ಹುಳ. ಇನ್ನು ಹುಟ್ಟುಹಬ್ಬದ ಚಾಕಲೇಟಿಗೆ ಬದಲಾಗಿ ಕಡಲೆಕಾಯಿ ಹಂಚಿ ಅಂತ ಪೋಷಕರಿಗೆ ಹೇಳಿದೆವು. ಕಡಲೆಕಾಯಿ ಬೆಳೆಯುವ ಊರಿನಲ್ಲಿ ಅದನ್ನು ಹೇಳಬೇಕಾಗಿ ಬಂತಲ್ಲ ಅನ್ನುವುದೇ ತಮಾಷೆ.

'ಕಸದಿಂದ ರಸ' ಬಗ್ಗೆ ಒಂದು ಕೊಂಕು ಮಾತು ಇದೆ, ತಪ್ಪು ತಿಳಿಯಬೇಡಿ. ಸ್ಪರ್ಧೆಗೆ ಅಂತ ಹೊಸ ಐಸ್‌ಕ್ರೀಂ ಕಡ್ಡಿಯ ಪೊಟ್ಟಣ, ಹೊಸ ಥರ್ಮಾಕೋಲ್, ಮಿನುಗುವ ಕಾಗದ ಕೊಂಡು ತಂದು ಮನೆ ಮಾಡಿ ಬಹುಮಾನ ಗೆದ್ದು, ಮೂರನೇ ದಿನ ಕಸಕ್ಕೆ ಎಸೆಯುತ್ತೇವೆ. ಅದು ರಸದಿಂದ ಕಸ. ಕಲಿಕಾ ಹಬ್ಬಕ್ಕೆ ಮಾದರಿ ಬೇಕಾದರೆ ಜೇಡಿಮಣ್ಣು, ಜೋಳದ ದಂಟು, ತೆಂಗಿನ ಚಿಪ್ಪು ಇವೆ. ಜೋಳದ ದಂಟಿನ ಬೆಂಡಿನಲ್ಲಿ ನಮ್ಮ ಮಕ್ಕಳು ಮಾಡುತ್ತಿದ್ದ ಎತ್ತಿನ ಗಾಡಿ ಯಾವ ಥರ್ಮಾಕೋಲಿಗೂ ಬರುವುದಿಲ್ಲ.

ವಿದ್ಯುತ್ ಉಳಿತಾಯದ ಬಗ್ಗೆ ಮಾತಾಡಿ ಅಂತ ಚೀಟಿಯಲ್ಲಿ ಬರೆದಿದ್ದೀರಿ. ನಮ್ಮ ತಾಲ್ಲೂಕಿನಲ್ಲಿ ತಿರುಮಣಿ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ನಮ್ಮ ಶಾಲೆಗಳಲ್ಲಿ ಇರುವುದು ಕೋಣೆಗೆ ಒಂದು ಫ್ಯಾನು, ಅದೂ ಮಧ್ಯಾಹ್ನ ನಿಂತೇ ಇರುತ್ತದೆ. ಉಳಿಸುವುದು ಏನನ್ನು? ಕಿಟಕಿ ತೆಗೆಯಿರಿ, ಮುಂದೆ ಒಂದು ಬೇವು ಬೆಳೆಸಿ.

ಪುರುಸೊತ್ತು ಎಲ್ಲಿದೆ ಅಂತ ನಿಮ್ಮ ಮುಖಗಳು ಕೇಳುತ್ತಿವೆ. ನಮಗೂ ಇರಲಿಲ್ಲ. ಆದ್ದರಿಂದಲೇ ಯಾವುದಕ್ಕೂ ಹೊಸ ರಿಜಿಸ್ಟರ್ ಮಾಡಲಿಲ್ಲ, ಹೊಸ ದಿನಾಚರಣೆ ಸೇರಿಸಲಿಲ್ಲ. ಹಾಜರಿ ಇತ್ತು, ಅದನ್ನು ಅಡುಗೆ ಕೋಣೆಗೆ ಕಳಿಸಿದೆವು. ಸ್ತಂಭಾಲೇಖ ಇತ್ತು, ಕಸ ಎಣಿಸಿದೆವು. ಎಲೆ ಬೀಳುತ್ತಿತ್ತು, ಸುಡದೆ ಇಟ್ಟುಕೊಂಡೆವು. 1991ರಲ್ಲಿ ವಕೀಲ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸಿ ಅಂತ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಪುಸ್ತಕಕ್ಕೆ ಪಾಠಗಳು ಬಂದವು, ಒಳ್ಳೆಯದೇ ಆಯಿತು. ಆ ಪಾಠ ಓದುತ್ತಿರುವಾಗ ಕಿಟಕಿಯಿಂದ ಯಾವ ವಾಸನೆ ಬರುತ್ತಿದೆ ಅನ್ನುವುದನ್ನು ಮಾತ್ರ ಕೋರ್ಟಿಗೆ ಬಿಡಲು ಆಗುವುದಿಲ್ಲ.

ಊಟದ ಹೊತ್ತಾಯಿತು ಅಂತ ಸಿಆರ್‌ಪಿಯವರು ಗಡಿಯಾರ ತೋರಿಸುತ್ತಿದ್ದಾರೆ. ಇಲ್ಲಿಗೆ ಬರುವಾಗ ಅಡುಗೆ ಮಾಡುತ್ತಿರುವವರ ಹತ್ತಿರ ಹೋಗಿ ಎಷ್ಟು ಜನಕ್ಕೆ ಹೇಳಿದ್ದಾರಮ್ಮ ಅಂತ ಕೇಳಿದ್ದೆ. ಅರವತ್ತು ಅಂದರು. ಮಾತಿನ ನಡುವೆ ನಾನು ಎರಡು ಸಲ ಎಣಿಸಿದೆ, ನನ್ನನ್ನೂ ಸೇರಿಸಿ ನಲವತ್ತೇಳು ಇದ್ದೇವೆ.